ತಿರಸ್ಕಾರವಾದ ನಿರುದ್ಯೋಗ ಪರಿಹಾರ ಕೊನೆಗೂ ಬಂತು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಆರು ವರ್ಷ ದುಡಿದೆ. ಅಕ್ಟೋಬರ್‌ನಲ್ಲಿ ಆರ್ಡರ್ ಇಲ್ಲ ಅಂತ ನಮ್ಮ ಶಿಫ್ಟಿನವರನ್ನು ತೆಗೆದರು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧ, ಹೆಚ್ಚೆಂದರೆ 90 ದಿನ ಸಿಗುತ್ತೆ. 30 ದಿನ ಕಾದು ಅರ್ಜಿ ಹಾಕಿದೆ.

ತಿರಸ್ಕಾರ ಆಯ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು, ನನ್ನ ಲೆಕ್ಕದಲ್ಲಿ 72 ಇತ್ತು. ತಿಂಗಳುಪೂರ್ತಿ ಭಟ್ಟಿ ಮುಂದೆ ನಿಂತವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಹೆಂಡತಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಪಗಾರ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದಳು. ಎಣ್ಣೆ ಕಲೆ ಬಿದ್ದಿದ್ದರೂ ಅಕ್ಷರ ಕಾಣುತ್ತಿತ್ತು. ಜುಲೈ, ಆಗಸ್ಟ್, ಸೆಪ್ಟೆಂಬರ್, ಮೂರರಲ್ಲೂ ಇಎಸ್‌ಐಗೆ ಶೇ 0.75 ಕಡಿತ. ನನ್ನ ಪಗಾರದಲ್ಲಿ ಹಿಡಿದಿದ್ದಾರೆ, ಕಟ್ಟಿಯೇ ಇಲ್ಲ!

ಅವುಗಳ ಜೆರಾಕ್ಸ್, ಪಾಸ್‌ಬುಕ್ ಪುಟ ಸೇರಿಸಿ ಇಎಸ್‌ಐ ಶಾಖಾ ಕಚೇರಿಗೆ ದೂರು ಬರೆದುಕೊಟ್ಟೆ. "ನಿಮ್ಮ ಪ್ರತಿ ಮ್ಯಾಲೆ ಶಿಕ್ಕಾ ಹಾಕಿಸ್ಕೊಂಡು ಹೋಗ್ರಿ" ಅಂದರು ಕೌಂಟರಿನ ಅಕ್ಕ. ಆ ಶಿಕ್ಕಾ, ಅಂದರೆ ಕಚೇರಿಯ ಮೊಹರು, ತುಂಬಾ ಮುಖ್ಯ, ಮುಂದೆ ಪ್ರತಿ ಸಲ ಅದನ್ನೇ ತೋರಿಸಿದೆ. ಕಂಪನಿಗೆ ನೋಟಿಸ್ ಹೋಯ್ತು, ಬಾಕಿ ತುಂಬಿದರು. ಮತ್ತೆ ಅರ್ಜಿ ಹಾಕಿದೆ, ಹಣ ಖಾತೆಗೆ ಬಂತು. ಆಗದಿದ್ದರೆ ಆಗಿನ ಇಎಸ್‌ಐ ಕಾಯ್ದೆಯ 75ನೇ ಕಲಂ ಪ್ರಕಾರ ನೌಕರರ ವಿಮಾ ನ್ಯಾಯಾಲಯಕ್ಕೂ ಹೋಗಬಹುದಿತ್ತು.

ಈಗ ನಮ್ಮ ಶಿಫ್ಟಿನ ಇನ್ನೂ ನಾಲ್ವರ ಚೀಟಿ ಜೋಡಿಸುತ್ತಿದ್ದೇವೆ.