ಗಾಯದ ಮೇಲಿಟ್ಟ ಕೈ ತೆಗೆಯಬೇಡಿ

ತುಮಕೂರು ಬಳಿಯ ಕ್ಯಾತ್ಸಂದ್ರದಿಂದ ಶಿರಾವರೆಗಿನ ಹೆದ್ದಾರಿಯಲ್ಲಿ ಅಪಘಾತವಾದರೆ ಓಡಿ ಬರುವ ಜನರಿಗೆ ಕೊರತೆಯಿಲ್ಲ. ಬಂದವರು ಮಾಡುವುದನ್ನು ನೋಡಿದಾಗ ಎದೆ ಝಲ್ಲೆನ್ನುತ್ತದೆ. ಒಬ್ಬರು ಬಾಯಿಗೆ ನೀರು ಹಾಕುತ್ತಾರೆ, ಮತ್ತೊಬ್ಬರು ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ. ರಕ್ತ ಮಾತ್ರ ಹರಿಯುತ್ತಲೇ ಇರುತ್ತದೆ. ಉಳಿಸಬಹುದಾಗಿದ್ದ ಜೀವಗಳು ಹೋಗುವುದು ಹೆಚ್ಚಾಗಿ ಹೀಗೆಯೇ. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. 2 ಲೀಟರ್ ಹೋದರೆ ಜೀವಕ್ಕೇ ಕುತ್ತು.

ಮೊದಲು 108ಕ್ಕೆ ಕರೆ ಮಾಡಿ, ಹತ್ತಿರದ ಸೇತುವೆಯನ್ನೋ ಕಿ.ಮೀ. ಕಲ್ಲನ್ನೋ ಗುರುತು ಹೇಳಿ.

ಎರಡನೆಯದು ಒತ್ತುವುದು. ಎಲ್ಲರೂ ಎಡವುವುದು ಇಲ್ಲೇ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಒಗೆದ ಪಂಚೆ ಅಥವಾ ಟವೆಲನ್ನು ದಪ್ಪಗೆ ಮಡಚಿ, ರಕ್ತ ಚಿಮ್ಮುವ ಜಾಗದ ಮೇಲೆಯೇ ಇಡಿ. ಅಂಗೈಯ ಬುಡ ಊರಿ, ಮೊಣಕೈ ಮಡಚದೆ, ಮೈಭಾರವನ್ನೆಲ್ಲ ಬಿಟ್ಟು ಒತ್ತಿ. ಗಡಿಯಾರ ನೋಡಿಕೊಂಡು 10 ನಿಮಿಷ ಹಾಗೆಯೇ ಹಿಡಿಯಿರಿ. ನಿಂತಿತೇ ಎಂದು ಎತ್ತಿ ನೋಡಬೇಡಿ. ಆಗತಾನೇ ಹೆಪ್ಪುಗಟ್ಟಿದ್ದು ಬಟ್ಟೆಯೊಂದಿಗೇ ಕಿತ್ತು ಬರುತ್ತದೆ. ಯುವಕನೊಬ್ಬನ ತೊಡೆಯ ಗಾಯವನ್ನು ಸುತ್ತ ನಿಂತವರು ಮತ್ತೆ ಮತ್ತೆ ತೆರೆದು ನೋಡಿದ್ದನ್ನು ಕಂಡಿದ್ದೇನೆ, ಇಂದಿಗೂ ಮರೆತಿಲ್ಲ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಮತ್ತಷ್ಟು ಬಲವಾಗಿ ಒತ್ತಿ. ಚುಚ್ಚಿಕೊಂಡ ಕಬ್ಬಿಣವನ್ನು ಕೀಳಬೇಡಿ, ಅದರ ಎರಡೂ ಬದಿ ಒತ್ತಿ.

ಕಾರಿನೊಂದಿಗೆ ಬರುವ ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ನಂಬಬೇಡಿ. ಅದರಲ್ಲಿರುವ ಅಂಟುಪಟ್ಟಿ, ಚಿಟಿಕೆ ಹತ್ತಿ ಇಂಥ ಗಾಯಕ್ಕೆ ಯಾವ ಮೂಲೆಗೂ ಸಾಲದು. ನಾಲ್ಕು ದೊಡ್ಡ ಟವೆಲ್ ಇಟ್ಟುಕೊಳ್ಳಿ.

ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಕಟ್ಟು ಹಾಕಿ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲ ಬಟ್ಟೆ ಸುತ್ತಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ. ತಂತಿ, ಹುರಿ ಬೇಡವೇ ಬೇಡ. ಕಟ್ಟಿದ ಸಮಯ ಬರೆದಿಡಿ, ಆಸ್ಪತ್ರೆಯವರೆಗೆ ಬಿಚ್ಚಬೇಡಿ.

ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವವರನ್ನು ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಪಕ್ಕಕ್ಕೆ ಹೊರಳಿಸಿ. ವಾಂತಿ ಉಸಿರುನಾಳಕ್ಕೆ ಇಳಿಯುವುದಿಲ್ಲ. ಕಂಬಳಿ ಹೊದಿಸಿ, ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

‘ಮಾತನಾಡುತ್ತಿದ್ದಾನೆ, ಏನೂ ಆಗಿಲ್ಲ’ ಎನ್ನುವವರ ಮಾತು ಕೇಳಬೇಡಿ. ಹೊಟ್ಟೆಯೊಳಗೆ, ಸೊಂಟದ ಮೂಳೆಯ ಸುತ್ತ ಸೋರುವ ರಕ್ತ ಕಾಣುವುದಿಲ್ಲ. ಬಿಳಚಿದ ಮುಖ, ತಣ್ಣನೆಯ ಬೆವರು, ಓಡುವ ನಾಡಿ, ಚಡಪಡಿಕೆ ಮೊದಲು ಬರುತ್ತವೆ. ರಕ್ತದೊತ್ತಡ ಕುಸಿಯುವುದು ಆಮೇಲೆ.

ದೊಡ್ಡ ಆಸ್ಪತ್ರೆಯೆಂದು ನೇರ ಬೆಂಗಳೂರಿಗೆ ಹೊರಡಬೇಡಿ. ತುಮಕೂರಿನಿಂದಲೇ 70 ಕಿ.ಮೀ. ಇದೆ. ರಕ್ತ, ಶಸ್ತ್ರಚಿಕಿತ್ಸಕರು ಇರುವ ಹತ್ತಿರದ ಆಸ್ಪತ್ರೆಯೇ ಸರಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದು ಗಾಯವಾದ 3 ಗಂಟೆಯೊಳಗೆ ಕೊಟ್ಟರಷ್ಟೇ ಪ್ರಯೋಜನ. ಪೊಲೀಸರ ಭಯ ಬೇಡ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ.

ಗಾಯಾಳುವನ್ನು ಆಸ್ಪತ್ರೆಯವರಿಗೆ ಒಪ್ಪಿಸುವಾಗ ಅಪಘಾತವಾದ ಸಮಯ, ಕಟ್ಟು ಹಾಕಿದ ಸಮಯ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಅವರು ಬರೆದುಕೊಳ್ಳುವವರೆಗೂ ಅಲ್ಲೇ ನಿಲ್ಲಿ.