ಮಳೆ ಜಾಸ್ತಿಯಾದರೆ ಕಂತು ಮುಂದಕ್ಕೆ

ನಮ್ಮ ಸಂಘದ ಸಾಲದ ಪುಸ್ತಕದಲ್ಲಿ ಹೆಸರು, ಮೊತ್ತ, ಬಡ್ಡಿ, ಕಂತು ಅಂತ ನಾಲ್ಕು ಕಾಲಂ ಇದ್ದವು. ಈಗ ಐದನೆಯದೊಂದಿದೆ: ಮಳೆ. ಅದು ಅಲ್ಲಿಗೆ ಹೇಗೆ ಬಂತು ಅಂತ ಬೇರೆ ಸಂಘದವರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿಯಿಂದ ಘಟ್ಟ ಇಳಿಯುವ ದಾರಿಯಲ್ಲಿ ನಮ್ಮೂರು. ಈ ಕತೆ ಶುರುವಾದಾಗ ಸಂಘದಲ್ಲಿ 14 ಹೆಂಗಸರು. ಎಂಟು ಮಂದಿಗೆ ಅಡಿಕೆ ತೋಟ ಇತ್ತು, ಆರು ಮಂದಿಗೆ ಇರಲಿಲ್ಲ. ಆ ಆರು ಮನೆಯ ಗಂಡಸರು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು, ಇಲ್ಲವೇ ತೋಟದ ಕೆಲಸಕ್ಕೆ ಹೋಗುವವರು. ಲೆಕ್ಕ ಬರೆಯುವುದು ನಾನು. ನಂಗೂ ತೋಟ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2019ರ ಆಗಸ್ಟ್. ಅಘನಾಶಿನಿ, ಗಂಗಾವಳಿ ಎರಡೂ ಉಕ್ಕಿದ ವರ್ಷ. ಆಶ್ಲೇಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಹೊಡೆದಾಗಿತ್ತು. ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಬೀಳಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿಟ್ಟರೆ ಸಾಕೇ? ಹೊಡೆಯಲು ಮಳೆ ಬಿಟ್ಟು ಒಂದು ಹೊಳವು ಬೇಕಲ್ವಾ? ಜಾರುವ ಮರಕ್ಕೆ ಯಾರನ್ನು ಹತ್ತಿಸುವುದು? ಕೊಳೆ ಬಂತು. ಎಳೆಕಾಯಿ ಮರದ ಬುಡದಲ್ಲಿ ರಾಶಿ.

ನಮ್ಮ ಎಂಟು ಮಂದಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇತ್ತು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ. ನಾವು ಕಟ್ಟುವುದು ಶೇಕಡಾ 5, ಅಂದರೆ 6,400. ಪ್ರೀಮಿಯಂನ ಉಳಿದ ಪಾಲು ಸರ್ಕಾರದ್ದು. ಹಣ ತಡವಾಗಿಯಾದರೂ ಬಂತು. ಉಳಿದ ಆರು ಮಂದಿಗೆ ಪಹಣಿ ಇಲ್ಲ, ಹಾಗಾಗಿ ವಿಮೆಯೂ ಇಲ್ಲ. ಅದೇ ಮಳೆ ಅವರ ಕೂಲಿಯನ್ನೂ ತಿಂದಿತ್ತು. ಕಂತು ತಪ್ಪಿದ್ದಕ್ಕೆ ಅವರ ಹೆಸರಿನ ಮುಂದೆ ದಂಡ ಬರೆದವಳು ನಾನೇ. ಒಬ್ಬಳು ದಂಡ ಎಣಿಸಿ ಕೊಡುತ್ತಾ, "ಮಳೆಗೆ ಪಹಣಿ ನೋಡಿ ಬೀಳೂಕೆ ಬತ್ತದೇನ್ರಾ?" ಅಂದಳು. ಯಾರೂ ಮಾತಾಡಲಿಲ್ಲ.

ಮುಂದಿನ ವರ್ಷ ನಿಯಮ ಬದಲಿಸಿದೆವು. ಮಳೆ ಮಿತಿ ಮೀರಿದರೆ ಮೂರು ತಿಂಗಳು ಕಂತಿಲ್ಲ, ದಂಡವಿಲ್ಲ. ಸಾಲ ಮನ್ನಾ ಅಲ್ಲ, ಮುಂದೂಡಿಕೆ ಅಷ್ಟೇ. ಹೇಳಲು ಸುಲಭ. ಆದರೆ ಮಿತಿ ಯಾವುದು?

ಮೊದಲು ತಿಂಗಳ ಒಟ್ಟು ಮಳೆ ಹಿಡಿದೆವು. ಅದು ತಪ್ಪು. ಘಟ್ಟದ ಅಂಚಿನಲ್ಲಿ ಜುಲೈ ತಿಂಗಳಲ್ಲಿ ಹೇಗೂ ಹೊಯ್ಯುತ್ತದೆ. ಎರಡು ರಾತ್ರಿ ಸುರಿದು ಹಗಲು ಬಿಟ್ಟರೆ ಕೆಲಸ ನಡೆಯುತ್ತದೆ. ಕೆಲಸ ಕೆಡಿಸುವುದು ಬಿಡುವಿಲ್ಲದ ಮಳೆ. ಇದನ್ನು ಹೇಳಿಕೊಟ್ಟವರು ಕೊನೆಗೌಡರ ಮನೆಯವರೇ. ಕೊನೆಗೆ, ಸತತ ಹತ್ತು ದಿನ, ದಿನಕ್ಕೆ 20 ಮಿಲಿಮೀಟರಿಗಿಂತ ಹೆಚ್ಚು ಅಂತ ಮಾಡಿದೆವು.

ಅಳೆಯುವವರು ಯಾರು? ವಿಮೆಗೆ ಲೆಕ್ಕ ಹಿಡಿಯುವ ಮಳೆಮಾಪಕ ಪಂಚಾಯತಿ ಹತ್ತಿರ ಇದೆ. ನಮ್ಮ ಕೇರಿಗೂ ಅಲ್ಲಿಗೂ ನಡುವೆ ಒಂದು ಗುಡ್ಡ. ಗುಡ್ಡದ ಆಚೆ ಬಿಸಿಲು, ಈಚೆ ಧೋ ಅಂತ ಮಳೆ, ಇದು ಇಲ್ಲಿ ಮಾಮೂಲು. ಹಾಗಾಗಿ ನಾವೇ ಒಂದು ಕೈ ಮಾಪಕ ತಂದು ಅಂಗಳದ ಬಯಲಲ್ಲಿ ಹುಗಿದೆವು. ಬೆಳಿಗ್ಗೆ ಎಂಟೂವರೆಗೆ ಓದುವುದು. ಎರಡು ಸಹಿ: ಒಂದು ತೋಟ ಇದ್ದವರದ್ದು, ಒಂದು ಇಲ್ಲದವರದ್ದು. ಒಂದು ದಿನ ನನ್ನ ಮೊಮ್ಮಗ ಅದರಲ್ಲಿ ಉಚ್ಚೆ ಹೊಯ್ದ. ಆ ದಿನದ ಮಳೆ ಸಭೆಯಲ್ಲಿ ಚರ್ಚೆಯಾಗಿ ರದ್ದಾಯಿತು.

ಸದಸ್ಯರ ಕಂತು ನಿಲ್ಲಿಸಿದರೂ ಸಂಘ ಬ್ಯಾಂಕಿಗೆ ಕಟ್ಟಬೇಕಾದದ್ದು ನಿಲ್ಲುವುದಿಲ್ಲ. ಅದಕ್ಕೆ ಮಳೆ ನಿಧಿ. ತೋಟ ಇದ್ದವರು ತಿಂಗಳಿಗೆ 50 ರೂಪಾಯಿ, ಇಲ್ಲದವರು 10. ಇದಕ್ಕೆ ಮೂರು ಸಭೆ ಜಗಳವಾಯಿತು. ನಮ್ಮ ವಿಮೆಗೆ ಸರ್ಕಾರ ಹಣ ಹಾಕುತ್ತಿದೆ, ಆ ಹಣದಲ್ಲಿ ತೋಟ ಇಲ್ಲದವರ ತೆರಿಗೆಯೂ ಇದೆ ಅಂತ ನಾನು ವಾದಿಸಿದೆ. ಇಬ್ಬರು ಸಂಘ ಬಿಡುತ್ತೇವೆ ಅಂದರು. ಒಬ್ಬರು ಬಿಟ್ಟೇ ಬಿಟ್ಟರು.

2024ರಲ್ಲಿ ಮಗ ಒಂದು ಸುದ್ದಿ ಓದಿ ಹೇಳಿದ. ಕೆರಿಬಿಯನ್ ಸಮುದ್ರದ ಗ್ರೆನಡಾಕ್ಕೆ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಡಿಯಿತು. ಆ ದೇಶದ ಸಾಲಪತ್ರದಲ್ಲೇ ಒಂದು ಷರತ್ತು ಇತ್ತಂತೆ: ಚಂಡಮಾರುತ ಬಂದರೆ ಕಂತು ಮುಂದಕ್ಕೆ. ಅದನ್ನು ಬಳಸಿಕೊಂಡರು. ಗ್ರೆನಡಾ ಧ್ವಜದಲ್ಲಿ ಜಾಯಿಕಾಯಿ ಇದೆ, ನಮ್ಮ ತೋಟದಲ್ಲೂ ಜಾಯಿಕಾಯಿ ಇದೆ. ಸಭೆಯಲ್ಲಿ ಹೇಳಿದಾಗ ಎಲ್ಲರೂ ನೆಂಟರ ಸುದ್ದಿ ಕೇಳಿದ ಹಾಗೆ ಕೇಳಿದರು. ಬಾರ್ಬಡೋಸ್ ಪ್ರಧಾನಿ ಮಿಯಾ ಮೊಟ್ಲಿ ಇಂಥ ಷರತ್ತು ಎಲ್ಲ ಬಡ ದೇಶಗಳ ಸಾಲಕ್ಕೂ ಬೇಕು ಅಂತ ಕೇಳುತ್ತಾ ಬಂದಿದ್ದಾರೆ.

ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಂದು ಮಾತು ಕೊಟ್ಟವು: ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್. ಅಷ್ಟು ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸರ್ಕಾರಿ ಹಣದ ಹೆಚ್ಚು ಪಾಲು ಸಾಲ. ಎರಡು ವರ್ಷ ತಡ! ನಮ್ಮ ಪುಸ್ತಕದಲ್ಲಾದರೆ ಎಷ್ಟು ದಂಡ ಬೀಳುತ್ತಿತ್ತು ಅಂತ ಸುಮ್ನೆ ಲೆಕ್ಕ ಹಾಕಿ ನಕ್ಕೆವು.

ನಮ್ಮ ನಿಯಮ ಇಲ್ಲಿವರೆಗೆ ಎರಡು ಸಲ ಜಾರಿಯಾಗಿದೆ. ಎರಡೂ ಸಲ ಹಣ ವಾಪಸ್ ಬಂದಿದೆ, ಒಂದು ಮನೆಯದ್ದು ಬಿಟ್ಟು. ಬ್ಯಾಂಕಿನವರಿಗೂ ಇಂಥ ಷರತ್ತು ಹಾಕಿ ಅಂತ ಅರ್ಜಿ ಕೊಟ್ಟೆವು. ನಗುತ್ತಾ ತೆಗೆದುಕೊಂಡರು, ಅಷ್ಟೇ.

ಈಗ ಹೊಸ ತಗಾದೆ. 2023ರಲ್ಲಿ ಮಳೆ ಕೈಕೊಟ್ಟು ಹಳ್ಳ ಬೇಗ ಬತ್ತಿತ್ತಲ್ಲ, ಮಳೆ ಬಾರದ ವರ್ಷಕ್ಕೂ ನಿಯಮ ಬೇಕು ಅಂತ ಕೇಳುತ್ತಿದ್ದಾರೆ. ಹಳ್ಳದಲ್ಲಿ ಗುರುತಿನ ಕಂಬ ನೆಡೋಣ ಅಂದೆ. ಕಂಬ ಯಾರ ತೋಟದ ಎದುರು ನೆಡುವುದು ಅನ್ನುವಲ್ಲಿಗೆ ಸಭೆ ನಿಂತಿದೆ.