ಗೋಡೆ ಮೇಲಿನ ಕಬ್ಬಿಣದ ನಕ್ಷತ್ರ ಏನೆಂದು ಕೊನೆಗೂ ಗೊತ್ತಾಯಿತು

ಶಿವಮೊಗ್ಗದಲ್ಲಿ ನಾನು ಓದಿದ ಕಾಲೇಜಿನ ಹಳೇ ಕಟ್ಟಡದ ಹೊರಗೋಡೆಯಲ್ಲಿ ತಟ್ಟೆಯಗಲದ ಕಬ್ಬಿಣದ ನಕ್ಷತ್ರಗಳಿವೆ. ಸುಮ್ನೆ ಅಲಂಕಾರಕ್ಕೆ ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಒಪ್ಪಿಗೆಯಾಗಿರಲಿಲ್ಲ. ಅಲಂಕಾರಕ್ಕಾದರೆ ಬಾಗಿಲ ಮೇಲೆ ಇಡುತ್ತಾರೆ, ಯಾರೂ ನೋಡದ ಹಿಂದಿನ ಗೋಡೆಯಲ್ಲಿ ಯಾಕೆ ಇಡಬೇಕು, ಅಲ್ವಾ?

ಮೊದಲು ಒಂದು ನಕ್ಷತ್ರವನ್ನು ಹತ್ತಿರದಿಂದ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. ಬಂದದ್ದೆಲ್ಲ ಮನೆ ಅಲಂಕಾರದ ಸಾಮಾನು ಮಾರುವ ಪುಟಗಳು. ಎರಡು ಸಂಜೆ ಅದರಲ್ಲೇ ಹೋಯಿತು. ಆಮೇಲೆ ಮಳೆ ಬಿಟ್ಟ ಒಂದು ದಿನ ಮತ್ತೆ ಹೋಗಿ, ಇಡೀ ಗೋಡೆ ಬರುವ ಹಾಗೆ ದೂರದಿಂದ ತೆಗೆದೆ. ಆಗ ಕಣ್ಣಿಗೆ ಬಿತ್ತು. ಎಲ್ಲವೂ ಮಹಡಿಯ ನೆಲದ ಮಟ್ಟದಲ್ಲೇ ಸಾಲಾಗಿವೆ, ಎದುರು ಗೋಡೆಯಲ್ಲೂ ಸರಿಯಾಗಿ ಅದೇ ಜಾಗಕ್ಕೆ ಜೋಡಿ ಇದೆ. ಹುಡುಕುವಾಗ ನಕ್ಷತ್ರ ಅನ್ನುವ ಪದವನ್ನೇ ಬಿಟ್ಟು, ಹಳೇ ಕಟ್ಟಡ, ಗೋಡೆ, ಕಬ್ಬಿಣದ ಪ್ಲೇಟ್, ಬೋಲ್ಟ್ ಅಂತ ಇಂಗ್ಲಿಷಿನಲ್ಲಿ ಹಾಕಿದೆ. ತಕ್ಷಣ ಹೆಸರು ಸಿಕ್ಕಿತು: ಆಂಕರ್ ಪ್ಲೇಟ್.

ಒಳಗೆ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಸರಳು ಹೋಗಿರುತ್ತದೆ. ತುದಿಯ ಪ್ಲೇಟ್ ಅದರ ಎಳೆತವನ್ನು ಅಗಲಕ್ಕೆ ಹಂಚಿ, ಗೋಡೆ ಹೊರಕ್ಕೆ ಉಬ್ಬದಂತೆ ಹಿಡಿದಿಡುತ್ತದೆ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ 1886ರ ಭೂಕಂಪದ ನಂತರ ಇಂಥವನ್ನು ಎಷ್ಟೋ ಕಟ್ಟಡಗಳಿಗೆ ಹಾಕಿದರು, ಅಲ್ಲಿ ಇವಕ್ಕೆ ಭೂಕಂಪದ ಬೋಲ್ಟ್ ಎಂದೇ ಹೆಸರು.

ಖಾತ್ರಿಗೆ ಕೆಳಗಿನ ಕೋಣೆಗೆ ಹೋಗಿ ತಲೆಯೆತ್ತಿ ನೋಡಿದೆ. ತೊಲೆಗಳ ಪಕ್ಕದಲ್ಲೇ ಸರಳು ಇತ್ತು! ಬಣ್ಣ ಬಳಿಯುವಾಗ ತುಕ್ಕು ಹಿಡಿದ ನಕ್ಷತ್ರಗಳನ್ನು ಕಿತ್ತುಹಾಕೋಣ ಅಂತ ಮಾತು ನಡೆದಿತ್ತು. ಫೋಟೋ ಸಮೇತ ಎಲ್ಲವನ್ನೂ ಬರೆದು ಆಫೀಸಿಗೆ ಕೊಟ್ಟು ಬಂದಿದ್ದೇನೆ.